ಪೆಟ್ಟಿಗೆಯ ಹಿಂದಿನ ಎರಡು ಅಂಕಿಗಳು

ಮಕ್ಕಳೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಾಡು ಕೇಳುವ ಸ್ಪೀಕರ್ ಪೆಟ್ಟಿಗೆ ಇದ್ದರೆ ಅದನ್ನೊಮ್ಮೆ ಮೆಲ್ಲನೆ ತಿರುಗಿಸಿ ಹಿಂಬದಿಯನ್ನು ನೋಡಿ. ವಯರು ಸಿಕ್ಕಿಸುವ ಕೆಂಪು ಮತ್ತು ಕಪ್ಪು ಬಣ್ಣದ ಎರಡು ಗುಬ್ಬಿಗಳಿರುತ್ತವೆ. ಅವುಗಳ ಬಳಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಎರಡು ಅಂಕಿಗಳು. ಒಂದರ ಮುಂದೆ ವ್ಯಾಟ್ ಎಂದಿರುತ್ತದೆ. ಇನ್ನೊಂದರ ಮುಂದೆ ಕುದುರೆಯ ಲಾಳದಂತಹ ಒಂದು ಗುರುತು. ಅದು ಗ್ರೀಕ್ ಭಾಷೆಯ ಒಮೇಗ ಎಂಬ ಅಕ್ಷರ. ಇಲ್ಲಿ ಅದನ್ನು ಓಮ್ ಎಂದು ಓದಬೇಕು.

ವ್ಯಾಟನ್ನು ಎಲ್ಲರೂ ನೋಡುತ್ತಾರೆ. ಓಮನ್ನು ನೋಡುವವರು ಕಡಿಮೆ. ನಾವೂ ನೋಡಿರಲಿಲ್ಲ. ಅದರಿಂದ ಏನಾಯಿತೆಂದು ಹೇಳುತ್ತೇನೆ, ಕೇಳಿ.

ನಾನು ಆರನೆಯ ತರಗತಿಯಲ್ಲಿದ್ದಾಗಿನ ಮಾತು. ನಮ್ಮ ಅಜ್ಜನ ಮನೆ ಕಾಸರಗೋಡಿನ ಒಳನಾಡಿನಲ್ಲಿ, ಅಡಿಕೆ ತೋಟದ ಮೇಲ್ಬದಿಯಲ್ಲಿತ್ತು. ಅಜ್ಜನಿಗೆ ತಾಳಮದ್ದಳೆಯೆಂದರೆ ಪ್ರಾಣ. ಆದರೆ ಮೊಣಕಾಲು ನೋವಿನಿಂದಾಗಿ ಅವರು ಅಂಗಳ ದಾಟಿ ಹೋಗುವಂತಿರಲಿಲ್ಲ. ಅದಕ್ಕೆಂದೇ ಮಾವ ಮಂಗಳೂರಿನಿಂದ ಒಂದು ಟೇಪ್ ರೆಕಾರ್ಡರ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ತಂದುಕೊಟ್ಟಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಕ್ಯಾಸೆಟ್ ತಿರುಗಲು ತೊಡಗುತ್ತಿತ್ತು. ಭಾಗವತರ ಪದ, ಮದ್ದಳೆಯ ಪೆಟ್ಟು, ಅರ್ಥಧಾರಿಗಳ ವಾದ. ಅಜ್ಜ ಕಣ್ಣು ಮುಚ್ಚಿ ಕುಳಿತು ಕೇಳುತ್ತಿದ್ದರು. ನಡುವೆ ಒಮ್ಮೊಮ್ಮೆ ತಾವೇ ಪಾತ್ರಧಾರಿಯೆಂಬಂತೆ ಉತ್ತರ ಕೊಡುತ್ತಿದ್ದುದೂ ಉಂಟು.

ಅಕ್ಕನ ಮದುವೆಯ ಮುನ್ನಾದಿನ ಮನೆತುಂಬ ನೆಂಟರು. ಅಂಗಳದಲ್ಲಿ ಚಪ್ಪರ. ಹಾಡು ಅಂಗಳಕ್ಕೂ ಕೇಳಬೇಕೆಂದು ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ನೆರೆಮನೆಯಿಂದ ಎರಡು ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ತಂದ. ನಮ್ಮ ಪೆಟ್ಟಿಗೆಗಳ ವಯರಿಗೇ ಅವುಗಳ ವಯರನ್ನೂ ಸುತ್ತಿದ. ಸದ್ದು ಬಂತು. ಹತ್ತು ನಿಮಿಷದಲ್ಲಿ ಆಂಪ್ಲಿಫೈಯರಿನ ಫ್ಯೂಸು ಹೋಯಿತು. ಬೇರೆ ಫ್ಯೂಸು ಇರಲಿಲ್ಲ. ಅಣ್ಣ ಚಾಕಲೇಟಿನ ಬೇಗಡೆ ಕಾಗದವನ್ನು ಅದಕ್ಕೆ ಸುತ್ತಿ ಸಿಕ್ಕಿಸಿದ. ಮತ್ತೆ ಸದ್ದು ಬಂತು. ನಾವು ಅವನನ್ನು ದೊಡ್ಡ ಇಂಜಿನಿಯರ್ ಎಂದು ಹೊಗಳಿದೆವು. ಅರ್ಧ ಗಂಟೆ ಕಳೆಯುವಾಗ ಫಕ್ಕನೆ ಎಲ್ಲವೂ ನಿಂತಿತು. ಕರಟಿದ ವಾಸನೆ ಚಾವಡಿಯಿಂದ ಅಡುಗೆಮನೆಯವರೆಗೆ ಹೋಯಿತು.

ಅಜ್ಜ ಗದರಲಿಲ್ಲ. ಯಾರು ಮಾಡಿದ್ದು ಎಂದು ಕೇಳಲೂ ಇಲ್ಲ. ನಮಗೆ ಅದೇ ಹೆಚ್ಚು ಕಷ್ಟವಾಯಿತು.

ಮದುವೆ ಮುಗಿದ ಮರುದಿನ ನಾನೂ ಅಣ್ಣನೂ ಆಂಪ್ಲಿಫೈಯರನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆವು. ಒಂದು ಪೆಟ್ಟಿಗೆಯನ್ನೂ ಜೊತೆಗೆ ಒಯ್ದಿದ್ದೆವು. ರೇಡಿಯೋ ರಿಪೇರಿ ಮಾಡುವವರು ಮುಚ್ಚಳ ಬಿಚ್ಚಿ ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ. “ಇದಕ್ಕೆ ಎಷ್ಟು ಓಮಿನ ಪೆಟ್ಟಿಗೆ ಕಟ್ಟಿದ್ದೀರಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ಅಂದು ನಮಗೆ ಹೇಳಿಕೊಟ್ಟದ್ದನ್ನೂ ಮುಂದೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಸ್ಪೀಕರಿನ ಒಳಗೆ ಏನಿದೆ ಎಂದು ನೋಡೋಣ. ಎದುರಿಗೆ ಕಾಣುವುದು ಕಾಗದದ ಒಂದು ಬಟ್ಟಲು. ಅದರ ಬುಡದಲ್ಲಿ ಬಹಳ ತೆಳ್ಳಗಿನ ತಾಮ್ರದ ತಂತಿಯ ಸುರುಳಿ ಅಂಟಿಕೊಂಡಿದೆ. ಸುರುಳಿಯ ಸುತ್ತ ಬಲವಾದ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದೂ ಒಂದು ಅಯಸ್ಕಾಂತವಾಗುತ್ತದೆ. ಆಗ ಅದು ಮುಂದಕ್ಕೆ ಅಥವಾ ಹಿಂದಕ್ಕೆ ಸರಿಯುತ್ತದೆ. ಜೊತೆಗೆ ಕಾಗದದ ಬಟ್ಟಲೂ ಸರಿಯುತ್ತದೆ. ಬಟ್ಟಲು ಗಾಳಿಯನ್ನು ತಳ್ಳುತ್ತದೆ. ಆ ತಳ್ಳುವಿಕೆ ನಮ್ಮ ಕಿವಿಗೆ ಬಂದು ಮುಟ್ಟಿದರೆ ಅದೇ ಸದ್ದು. ಈ ಬಗೆಯ ಸ್ಪೀಕರಿನ ಇಂದಿನ ರೂಪವನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಪ್ರಕಟಿಸಿದರು. ನೂರು ವರ್ಷ ಕಳೆದರೂ ಮೂಲ ಉಪಾಯ ಹಾಗೆಯೇ ಉಳಿದಿದೆ.

ಇದನ್ನು ನೀವೇ ಮಾಡಿ ನೋಡಬಹುದು. ಹಾಳಾದ ರೇಡಿಯೋದಿಂದ ಕಳಚಿದ ಒಂದು ಸ್ಪೀಕರ್, ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಒಂದು ಸೆಲ್, ಎರಡು ತುಂಡು ವಯರು ಸಾಕು. ಸೆಲ್ಲಿನ ಎರಡು ತುದಿಗಳಿಂದ ಸ್ಪೀಕರಿನ ಎರಡು ಕಿವಿಗಳಿಗೆ ವಯರನ್ನು ಒಂದು ಕ್ಷಣ ಮುಟ್ಟಿಸಿ. “ಟಪ್” ಎಂಬ ಸದ್ದಿನೊಂದಿಗೆ ಬಟ್ಟಲು ಮುಂದೆ ಬರುತ್ತದೆ. ವಯರನ್ನು ಅದಲುಬದಲು ಮಾಡಿ ಮುಟ್ಟಿಸಿದರೆ ಹಿಂದೆ ಹೋಗುತ್ತದೆ. ಅಂಗಡಿಯವರು ನಮಗೆ ಮೊದಲು ತೋರಿಸಿದ್ದು ಇದನ್ನೇ. ನೆನಪಿರಲಿ, ಸೆಲ್ಲಿನಿಂದ ಮಾತ್ರ ಹೀಗೆ ಮಾಡಬಹುದು. ಗೋಡೆಯ ಪ್ಲಗ್ಗಿನ ಕರೆಂಟು ಜೀವ ತೆಗೆಯುತ್ತದೆ. ಅದರೊಂದಿಗೆ ಆಟ ಬೇಡವೇ ಬೇಡ.

ಹಾಡು ಬರುವಾಗ ಆಂಪ್ಲಿಫೈಯರ್ ಇದೇ ಕೆಲಸವನ್ನು ಬಹಳ ಬೇಗ ಬೇಗ ಮಾಡುತ್ತದೆ. ಸೆಕೆಂಡಿಗೆ ನೂರಾರು ಸಲ, ಸಾವಿರಾರು ಸಲ ವಿದ್ಯುತ್ತನ್ನು ಮುಂದೆ ಹಿಂದೆ ಹರಿಸುತ್ತದೆ. ಸೆಕೆಂಡಿಗೆ ಒಂದು ಸಲ ಮುಂದೆ ಹೋಗಿ ಹಿಂದೆ ಬಂದರೆ ಅದಕ್ಕೆ ಒಂದು ಹರ್ಟ್ಸ್ ಎಂದು ಹೆಸರು. ದಪ್ಪ ಸ್ವರಕ್ಕೆ ಹರ್ಟ್ಸ್ ಕಡಿಮೆ, ಕೀರಲು ಸ್ವರಕ್ಕೆ ಹೆಚ್ಚು.

ಇನ್ನು ಓಮಿಗೆ ಬರೋಣ. ನಮ್ಮೂರಿನ ಸುರಂಗಗಳನ್ನು ನೀವು ಕಂಡಿರಬಹುದು. ಗುಡ್ಡದ ಬದಿಯನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ಕ್ರಮ ಅದು. ಅಜ್ಜನ ಮನೆಯಲ್ಲೂ ಒಂದು ಸುರಂಗವಿತ್ತು. ಅದರ ನೀರು ಮೇಲಿನ ಟಾಂಕಿಗೆ ಬಂದು ಬೀಳುತ್ತಿತ್ತು. ಟಾಂಕಿಯಿಂದ ಪೈಪಿನ ಮೂಲಕ ತೋಟಕ್ಕೆ ಇಳಿಯುತ್ತಿತ್ತು. ಟಾಂಕಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ವೋಲ್ಟ್ ಎಂಬ ಅಳತೆ. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೋ ಅದರಂತೆ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಆಂಪಿಯರ್ ಎಂಬ ಅಳತೆ. ಪೈಪು ಸಪೂರವಿದ್ದರೆ ನೀರಿಗೆ ತಡೆ ಹೆಚ್ಚು, ದಪ್ಪವಿದ್ದರೆ ತಡೆ ಕಡಿಮೆ. ವಿದ್ಯುತ್ತಿಗೆ ಆಗುವ ತಡೆಯನ್ನು ಅಳೆಯುವುದೇ ಓಮ್.

ಹಾಗಾದರೆ 8 ಓಮಿನ ಸ್ಪೀಕರ್ ಸಪೂರ ಪೈಪಿನಂತೆ. 4 ಓಮಿನದು ದಪ್ಪ ಪೈಪಿನಂತೆ. ಇಲ್ಲಿಯೇ ಹೆಚ್ಚಿನವರು ತಪ್ಪುವುದು. 4 ಎಂಬುದು ಚಿಕ್ಕ ಅಂಕಿ, ಆದುದರಿಂದ ಆಂಪ್ಲಿಫೈಯರಿಗೆ ಚಿಕ್ಕ ಹೊರೆ ಎಂದು ಭಾವಿಸುತ್ತಾರೆ. ವಿಷಯ ತಿರುಗಾಮುರುಗಾ. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಆಂಪ್ಲಿಫೈಯರಿನ ಹೊರೆ ಅಷ್ಟಷ್ಟು ಹೆಚ್ಚಾಗುತ್ತದೆ.

ಓಮ್ ಎಂಬುದು ಒಬ್ಬ ಮೇಷ್ಟರ ಹೆಸರು. ಗಿಯೋರ್ಗ್ ಸೈಮನ್ ಓಮ್ 1789ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕುಶಲಕರ್ಮಿ. ಮಗ ಕಲೋನ್ ಎಂಬ ನಗರದ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು. ಅಲ್ಲಿ ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ತು ಹರಿಸಿ ಅಳೆಯುತ್ತ ಹೋದರು. ಒತ್ತಡವನ್ನು ತಡೆಯಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಎಷ್ಟೆಂದು ಸಿಗುತ್ತದೆ ಎಂಬುದು ಅವರು ಕಂಡುಕೊಂಡ ನಿಯಮ. 1827ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದಾಗ ಅವರ ದೇಶದ ವಿದ್ವಾಂಸರು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟು ಗೌರವಿಸಿತು. ತಡೆಯ ಅಳತೆಗೆ ಓಮ್ ಎಂಬ ಹೆಸರನ್ನು 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆ ಒಪ್ಪಿತು. ಆಗ ಓಮ್ ಮೇಷ್ಟ್ರು ತೀರಿಕೊಂಡು 27 ವರ್ಷಗಳಾಗಿದ್ದವು.

ಅವರ ನಿಯಮದಿಂದ ನಮ್ಮ ಮದುವೆಮನೆಯ ಲೆಕ್ಕವನ್ನು ಮಾಡಿ ನೋಡೋಣ. ಬರಿಯ ಭಾಗಾಕಾರ ಮತ್ತು ಗುಣಾಕಾರ, ಹೆದರಬೇಡಿ.

ಆಂಪ್ಲಿಫೈಯರಿಗೆ ಎಡದ್ದೊಂದು, ಬಲದ್ದೊಂದು ಎಂದು ಎರಡು ಬದಿ. ಒಂದು ಬದಿಯನ್ನು ಮಾತ್ರ ಲೆಕ್ಕ ಹಿಡಿಯೋಣ. ಆಂಪ್ಲಿಫೈಯರ್ ಜೋರಾಗಿ ನುಡಿಯುವಾಗ 16 ವೋಲ್ಟ್ ಒತ್ತಡ ಕೊಡುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಪೆಟ್ಟಿಗೆ 8 ಓಮಿನದು. 16ನ್ನು 8ರಿಂದ ಭಾಗಿಸಿದರೆ 2. ಅಂದರೆ 2 ಆಂಪಿಯರ್ ಹರಿಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 16 ಗುಣಿಸು 2, ಅಂದರೆ 32 ವ್ಯಾಟ್.

ನೆರೆಮನೆಯ ಪೆಟ್ಟಿಗೆ 4 ಓಮಿನದಾಗಿತ್ತು. ಅದರಲ್ಲಿ 16 ಭಾಗಿಸು 4, ಅಂದರೆ 4 ಆಂಪಿಯರ್ ಹರಿಯುತ್ತದೆ. ಅಣ್ಣ ಎರಡನ್ನೂ ಒಟ್ಟಿಗೆ ಕಟ್ಟಿದ್ದ. ಒಂದೇ ಟಾಂಕಿಗೆ ಎರಡು ಪೈಪು ಜೋಡಿಸಿ ಎರಡನ್ನೂ ಬಿಟ್ಟ ಹಾಗಾಯಿತು. ಒಟ್ಟು 6 ಆಂಪಿಯರ್. 16 ಗುಣಿಸು 6, ಅಂದರೆ 96 ವ್ಯಾಟ್! ಎರಡು ಪೆಟ್ಟಿಗೆಗಳೂ ಸೇರಿ ಎಷ್ಟು ಓಮಿನಂತೆ ವರ್ತಿಸಿದವು? 16ನ್ನು 6ರಿಂದ ಭಾಗಿಸಿ. ಎರಡೂ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ.

ಆಂಪ್ಲಿಫೈಯರಿನ ಹಿಂದೆ ಏನು ಬರೆದಿತ್ತೆಂದು ಅಂಗಡಿಯವರು ಭೂತಗನ್ನಡಿ ಹಿಡಿದು ನಮ್ಮಿಂದಲೇ ಓದಿಸಿದರು. “4 ಓಮಿನಿಂದ 16 ಓಮಿನವರೆಗೆ.” 4 ಓಮಿಗಿಂತ ಕೆಳಗಿನ ಹೊರೆಯನ್ನು ಕಟ್ಟಬಾರದು ಎಂದು ಅದರ ಅರ್ಥ. ಅಂದರೆ ನಮ್ಮ ಲೆಕ್ಕದಲ್ಲಿ ಅದು ತಾಳುವುದು 4 ಆಂಪಿಯರ್. ನಾವು 6 ಆಂಪಿಯರ್ ಕೇಳಿದ್ದೆವು.

“ಕೊಡಲಾಗದಿದ್ದರೆ ಕೊಡದೆ ಇರಬಹುದಿತ್ತಲ್ಲ?” ಎಂದು ಅಣ್ಣ ಕೇಳಿದ. ಒಳ್ಳೆಯ ಪ್ರಶ್ನೆಯೇ. ಆಂಪ್ಲಿಫೈಯರಿನ ಕೆಲಸ ಹೇಳಿದಷ್ಟು ಒತ್ತಡವನ್ನು ಬಿಡದೆ ಹಿಡಿದಿರುವುದು. ಸ್ಪೀಕರ್ ಹೆಚ್ಚು ಎಳೆದರೆ ಅದು ಹೆಚ್ಚು ಹರಿಸಲು ನೋಡುತ್ತದೆ. ಆ ವಿದ್ಯುತ್ತೆಲ್ಲ ಒಳಗಿನ ಟ್ರಾನ್ಸಿಸ್ಟರುಗಳ ಮೂಲಕವೇ ಹಾದುಹೋಗಬೇಕು. ಹಾದುಹೋಗುವಾಗ ಅವು ಬಿಸಿಯಾಗುತ್ತವೆ. ಬಿಸಿ ಹೊರಗೆ ಹೋಗಲೆಂದು ಅವುಗಳನ್ನು ಬಾಚಣಿಗೆಯ ಹಲ್ಲಿನಂತಹ ಅಲ್ಯೂಮಿನಿಯಂ ಪಟ್ಟಿಗಳಿಗೆ ಬಿಗಿದಿರುತ್ತಾರೆ. ಮೇಲಿನ ಮುಚ್ಚಳದಲ್ಲಿ ಗಾಳಿಯಾಡಲು ಸೀಳುಗಳಿರುತ್ತವೆ. ನಮ್ಮ ಆಂಪ್ಲಿಫೈಯರಿನಲ್ಲೂ ಸೀಳುಗಳಿದ್ದವು. ಧೂಳು ಬೀಳದಿರಲೆಂದು ಅಜ್ಜಿ ಅವುಗಳ ಮೇಲೆ ಕಸೂತಿ ಹಾಕಿದ ದಪ್ಪ ಬಟ್ಟೆಯನ್ನು ಹೊದೆಸಿದ್ದರು!

ಅಷ್ಟಾದರೂ ಫ್ಯೂಸು ತನ್ನ ಕೆಲಸ ಮಾಡಿತ್ತು. ಮಿತಿ ಮೀರಿದಾಗ ತಾನು ಕರಗಿ ಉಳಿದದ್ದನ್ನು ಕಾಯುವುದೇ ಅದರ ಕೆಲಸ. ಬೇಗಡೆ ಸುತ್ತಿದಾಗ ಆ ಕಾವಲನ್ನೂ ನಾವು ತೆಗೆದುಹಾಕಿದ್ದೆವು. ಮೂರು ತಪ್ಪುಗಳಲ್ಲಿ ನನಗೆ ಇಂದಿಗೂ ಅತಿ ದೊಡ್ಡದೆಂದು ಕಾಣುವುದು ಇದು. ಪೆಟ್ಟಿಗೆ ಕಟ್ಟಿದ್ದು ತಿಳಿಯದೆ. ಫ್ಯೂಸು ಹೋದಾಗ ಏನೋ ಸರಿಯಿಲ್ಲ ಎಂದು ತಿಳಿದಿತ್ತು.

ಎರಡು ಸ್ಪೀಕರುಗಳನ್ನು ಕಟ್ಟಲು ಇನ್ನೊಂದು ಕ್ರಮವಿದೆ. ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಸರಪಳಿಯಂತೆ ಜೋಡಿಸುವುದು. ಇದಕ್ಕೆ ಸರಣಿ ಜೋಡಣೆ ಎನ್ನುತ್ತಾರೆ. ಅಣ್ಣ ಮಾಡಿದ್ದು ಸಮಾಂತರ ಜೋಡಣೆ. ಸರಣಿಯಲ್ಲಿ ವಿದ್ಯುತ್ತು ಎರಡು ಸಪೂರ ಪೈಪುಗಳನ್ನು ಒಂದಾದ ಮೇಲೊಂದು ದಾಟಬೇಕು. ಆದುದರಿಂದ ತಡೆಗಳು ಕೂಡುತ್ತವೆ. 8 ಮತ್ತು 4 ಸೇರಿ 12 ಓಮ್. ಆಂಪ್ಲಿಫೈಯರಿಗೆ ಅಪಾಯವಿಲ್ಲ, ಆದರೆ ಸದ್ದು ಕಡಿಮೆಯಾಗುತ್ತದೆ. ಅದೂ ಅಲ್ಲದೆ 8 ಓಮಿನ ಪೆಟ್ಟಿಗೆಗೆ 4 ಓಮಿನದ್ದರ ಎರಡು ಪಾಲು ಶಕ್ತಿ ಹೋಗುತ್ತದೆ. ಬೇರೆ ಬೇರೆ ಓಮಿನವನ್ನು ಹೀಗೆ ಕಟ್ಟಿದರೆ ಸದ್ದು ಚೆನ್ನಾಗಿರುವುದಿಲ್ಲ.

ಬಯಲಾಟದ ಮೈಕ್ ಸೆಟ್ಟಿನವರು ಗದ್ದೆಯ ನಾಲ್ಕೂ ಮೂಲೆಗೆ ಕೊಂಬು ಕಟ್ಟುತ್ತಾರಲ್ಲ, ಅದು ಹೇಗೆ ಎಂದು ನೀವು ಕೇಳಬಹುದು. ಅಂತಹ ಆಂಪ್ಲಿಫೈಯರುಗಳಲ್ಲಿ 100 ವೋಲ್ಟ್ ಲೈನ್ ಎಂಬ ಬೇರೆಯೇ ವ್ಯವಸ್ಥೆ ಇರುತ್ತದೆ. ಪ್ರತಿ ಕೊಂಬಿಗೂ ಒಂದೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಪ್ರತಿಯೊಂದೂ ತನ್ನ ಪಾಲಿನಷ್ಟೇ ಎಳೆಯುವಂತೆ ಮಾಡುತ್ತಾರೆ. ಮನೆಯ ಆಂಪ್ಲಿಫೈಯರ್ ಆ ಜಾತಿಯದಲ್ಲ.

ಅಂಗಡಿಯಲ್ಲಿ ಇನ್ನೊಂದು ವಿಚಿತ್ರ ಕಂಡೆವು. ಅವರು ನಮ್ಮ 8 ಓಮಿನ ಪೆಟ್ಟಿಗೆಗೆ ಮೀಟರ್ ಇಟ್ಟರು. ಮೀಟರಿನ ಮುಳ್ಳು 6ರ ಹತ್ತಿರ ನಿಂತಿತು. “ಪೆಟ್ಟಿಗೆ ಹಾಳಾಗಿದೆಯಾ?” ಎಂದು ನಾನು ಗಾಬರಿಯಾದೆ. ಅವರು ನಕ್ಕು, “ಮೀಟರ್ ನಿಂತ ಸ್ಪೀಕರನ್ನು ಅಳೆಯುತ್ತದೆ, ಆಂಪ್ಲಿಫೈಯರಿಗೆ ಬೇಕಾದದ್ದು ಓಡುವ ಸ್ಪೀಕರಿನ ಲೆಕ್ಕ” ಎಂದರು.

ಮೀಟರಿನ ಒಳಗಿರುವುದು ಸೆಲ್. ಸೆಲ್ಲಿನ ವಿದ್ಯುತ್ತು ಒಂದೇ ಕಡೆಗೆ ಹರಿಯುತ್ತದೆ. ಆಗ ತಾಮ್ರದ ತಂತಿಯ ತಡೆ ಮಾತ್ರ ಕಾಣುತ್ತದೆ. ಹಾಡಿನ ವಿದ್ಯುತ್ತು ಹಿಂದೆ ಮುಂದೆ ಹರಿಯುವಂಥದ್ದು. ಆಗ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡುತ್ತದೆ. ಅಯಸ್ಕಾಂತದ ಬಳಿ ತಂತಿಯ ಸುರುಳಿ ಅಲುಗಾಡಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹಳೆಯ ಸೈಕಲ್ಲುಗಳ ಡೈನಮೋ ದೀಪ ಉರಿಯುತ್ತಿದ್ದುದು ಹೀಗೆಯೇ. ಸ್ಪೀಕರಿನಲ್ಲಿ ಹುಟ್ಟುವ ಈ ವಿದ್ಯುತ್ತು ಆಂಪ್ಲಿಫೈಯರಿನಿಂದ ಬರುವುದನ್ನು ಎದುರು ತಳ್ಳುತ್ತದೆ. ಹೀಗೆ ತಂತಿಯ ತಡೆಯೊಂದಿಗೆ ಬೇರೆ ತಡೆಗಳೂ ಸೇರುತ್ತವೆ. ಒಟ್ಟು ತಡೆಗೆ ಇಂಪಿಡೆನ್ಸ್ ಎಂದು ಹೆಸರು. ಈ ಹೆಸರನ್ನು 1886ರಲ್ಲಿ ಇಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟು, ಟೆಲಿಗ್ರಾಫ್ ಕೆಲಸ ಮಾಡುತ್ತ, ಗಣಿತವನ್ನು ತಾವೇ ಓದಿ ಕಲಿತವರು ಅವರು.

ಇಂಪಿಡೆನ್ಸ್ ಒಂದೇ ಕಡೆ ನಿಲ್ಲುವುದಿಲ್ಲ. ಸ್ವರ ಬದಲಾದಂತೆ ಅದೂ ಬದಲಾಗುತ್ತದೆ. ನೀವು ಉಯ್ಯಾಲೆ ತೂಗಿದ್ದೀರಲ್ಲ? ಉಯ್ಯಾಲೆಗೆ ಅದರದೇ ಆದ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಜೋರಾಗಿ ಆಡುತ್ತದೆ. ಸ್ಪೀಕರಿನ ಬಟ್ಟಲಿಗೂ ಅಂತಹ ಒಂದು ಲಯವಿದೆ. ಆ ಲಯದ ದಪ್ಪ ಸ್ವರ ಬಂದಾಗ ಸುರುಳಿ ತಾನಾಗಿಯೇ ಚೆನ್ನಾಗಿ ಅಲುಗಾಡುತ್ತದೆ. ಹೆಚ್ಚು ಅಲುಗಾಡಿದಷ್ಟೂ ಡೈನಮೋದ ಎದುರುತಳ್ಳು ಹೆಚ್ಚು. ಆಗ 8 ಓಮಿನ ಸ್ಪೀಕರಿನ ಇಂಪಿಡೆನ್ಸ್ 30 ಓಮಿನ ಮೇಲೂ ಏರಬಹುದು. ಸ್ವಲ್ಪ ಮೇಲಿನ ಸ್ವರಗಳಲ್ಲಿ ಅದು 7ಕ್ಕೋ ಆರೂವರೆಗೋ ಇಳಿಯುತ್ತದೆ. ಕೀರಲು ಸ್ವರಗಳಲ್ಲಿ ಮತ್ತೆ ಮೆಲ್ಲನೆ ಏರುತ್ತದೆ. ಒಂದು ಚಿತ್ರ ಬರೆದರೆ ನಮ್ಮ ಗುಡ್ಡ ಕಣಿವೆಗಳ ಹಾಗೆಯೇ ಕಾಣುತ್ತದೆ. ಚೀಟಿಯಲ್ಲಿ ಬರೆದ 8 ಎಂಬುದು ಆ ಗುಡ್ಡ ಕಣಿವೆಗೆ ಇಟ್ಟ ಒಂದು ಹೆಸರು ಮಾತ್ರ. ಮನಬಂದಂತೆ ಹೆಸರಿಡುವಂತೆಯೂ ಇಲ್ಲ. ಹೇಳಿದ ಅಂಕಿಯ ಐದರಲ್ಲಿ ನಾಲ್ಕು ಪಾಲಿಗಿಂತ ಕೆಳಗೆ ಕಣಿವೆ ಇಳಿಯಬಾರದೆಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಂದರೆ 8 ಓಮಿನದ್ದಕ್ಕೆ 6.4 ಓಮ್.

ಈಗ ಇನ್ನೊಂದು ಅಂಕಿ, ವ್ಯಾಟ್. ಇದು ಉಗಿಯಂತ್ರವನ್ನು ಸುಧಾರಿಸಿದ ಸ್ಕಾಟ್‌ಲೆಂಡಿನ ಜೇಮ್ಸ್ ವ್ಯಾಟರ ಹೆಸರು. ಶಕ್ತಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದರ ಅಳತೆ. ಬಲ್ಬಿನ ಮೇಲೂ ಇರುತ್ತದೆ, ನೀವು ನೋಡಿದ್ದೀರಿ.

ಆದರೆ ಆಂಪ್ಲಿಫೈಯರಿನ ವ್ಯಾಟ್ ಬೇರೆ, ಸ್ಪೀಕರಿನ ವ್ಯಾಟ್ ಬೇರೆ. ಆಂಪ್ಲಿಫೈಯರಿನ ಮೇಲೆ ಬರೆದಿರುವುದು ಅದು ಎಷ್ಟು ಕೊಡಬಲ್ಲುದು ಎಂದು. ಸ್ಪೀಕರಿನ ಮೇಲೆ ಬರೆದಿರುವುದು ಅದು ಎಷ್ಟು ತಾಳಬಲ್ಲುದು ಎಂದು. ಸೇತುವೆಯ ಪಕ್ಕದಲ್ಲಿ 10 ಟನ್ ಎಂದು ಫಲಕ ಹಾಕಿದರೆ ಸೇತುವೆ ಹತ್ತು ಟನ್ ಅಕ್ಕಿ ಕೊಡುತ್ತದೆಯೇ? ಅಷ್ಟು ಭಾರದ ಲಾರಿ ಹೋದರೆ ಮುರಿಯುವುದಿಲ್ಲ ಎಂದಷ್ಟೇ. 100 ವ್ಯಾಟಿನ ಪೆಟ್ಟಿಗೆ 50 ವ್ಯಾಟಿನ ಪೆಟ್ಟಿಗೆಗಿಂತ ಜೋರಾಗಿ ಹಾಡಬೇಕೆಂದಿಲ್ಲ.

ಈ ಅಂಕಿಗಳಲ್ಲಿ ಮೋಸವೂ ಇರುತ್ತದೆ. ನಾನು ದೊಡ್ಡವನಾದ ಮೇಲೆ, 2000ದ ಆಸುಪಾಸಿನಲ್ಲಿ, ಸಂತೆಯಲ್ಲಿ ಕಂಡ ಒಂದು ಚಿಕ್ಕ ಟೇಪ್ ರೆಕಾರ್ಡರಿನ ಎದುರು “1000 ವ್ಯಾಟ್ ಪಿಎಂಪಿಓ” ಎಂದು ಮಿರಮಿರ ಮಿನುಗುವ ಚೀಟಿ ಇತ್ತು. ತಿರುಗಿಸಿ ನೋಡಿದೆ. ಹಿಂದೆ ಚಿಕ್ಕ ಅಕ್ಷರದಲ್ಲಿ, ಗೋಡೆಯಿಂದ ಅದು ಎಳೆಯುವುದು 20 ವ್ಯಾಟ್ ಎಂದು ಬರೆದಿತ್ತು. ಬಾವಿಯಿಂದ 20 ಕೊಡ ಸೇದಿದವರು 1000 ಕೊಡ ಹಂಚುವುದು ಹೇಗೆ? ಪಿಎಂಪಿಓ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇರಲಿಲ್ಲ. ಮಾರುವವರಿಗೆ ಬೇಕಾದಷ್ಟು ಬರೆಯಬಹುದಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ನಂಬಬಹುದಾದ ಅಂಕಿ ಯಾವುದು? ಆಂಪ್ಲಿಫೈಯರ್ ಒಂದು ಕ್ಷಣವಲ್ಲ, ನಿಲ್ಲಿಸದೆ ಎಷ್ಟು ಕೊಡಬಲ್ಲುದು, ಎಷ್ಟು ಓಮಿಗೆ ಕೊಡಬಲ್ಲುದು, ಸ್ವರ ಒಡೆಯದೆ ಎಷ್ಟು ಕೊಡಬಲ್ಲುದು ಎಂಬ ಮೂರನ್ನೂ ಹೇಳುವ ಅಂಕಿ. ಅಂಗಡಿಗಳಲ್ಲಿ ಇದನ್ನು ಆರ್‌ಎಂಎಸ್ ವ್ಯಾಟ್ ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಇಂತಹ ಮೋಸವನ್ನು ತಡೆಯಲು 1974ರಲ್ಲೇ ಸರಕಾರ ನಿಯಮ ಮಾಡಿತು. 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಮನೆಯ ಆಂಪ್ಲಿಫೈಯರಿನ ವ್ಯಾಟನ್ನು 8 ಓಮ್ ಹೊರೆಯಲ್ಲಿ, 20ರಿಂದ 20,000 ಹರ್ಟ್ಸ್‌ವರೆಗಿನ ಸ್ವರಗಳಲ್ಲಿ, ಸ್ವರದ ಕೆಡುಕು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವಂತೆ ಅಳೆದು ಹೇಳಬೇಕು ಎಂದರು. ಓಮ್ ಹೇಳದ ವ್ಯಾಟ್ ಅರ್ಧ ಮಾತು. ನಮ್ಮ ಲೆಕ್ಕದಲ್ಲೇ ನೋಡಿ, ಅದೇ 16 ವೋಲ್ಟ್ 8 ಓಮಿನಲ್ಲಿ 32 ವ್ಯಾಟ್ ಆಗಿತ್ತು, 4 ಓಮಿನಲ್ಲಿ 64 ಆಯಿತು.

ಹೆಚ್ಚು ವ್ಯಾಟ್ ಎಂದರೆ ಅಷ್ಟೇ ಹೆಚ್ಚು ಸದ್ದು ಎಂಬುದೂ ಸರಿಯಲ್ಲ. ನಮ್ಮ ಕಿವಿಯ ಲೆಕ್ಕವೇ ಬೇರೆ. ಸದ್ದನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಾವು ಮಾತಾಡುವಾಗ ಸುಮಾರು 60 ಡೆಸಿಬೆಲ್. ಸ್ಪೀಕರಿಗೆ 1 ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ 87 ಡೆಸಿಬೆಲ್ ಬಂತು ಎಂದಿಟ್ಟುಕೊಳ್ಳಿ. ಮನೆಯ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. 2 ವ್ಯಾಟ್ ಕೊಟ್ಟರೆ 90 ಆಗುತ್ತದೆ. ಕಿವಿಗೆ ಸ್ವಲ್ಪವೇ ಜೋರಾದಂತೆ ಕೇಳುತ್ತದೆ. ಸದ್ದು ಎರಡರಷ್ಟಾಯಿತು ಎಂದು ಅನಿಸಬೇಕಾದರೆ ಸುಮಾರು 10 ವ್ಯಾಟ್ ಬೇಕು. ನಾಲ್ಕರಷ್ಟು ಎಂದು ಅನಿಸಲು 100 ವ್ಯಾಟ್! ಚಾವಡಿಯಲ್ಲಿ ಅಜ್ಜ ತಾಳಮದ್ದಳೆ ಕೇಳುತ್ತಿದ್ದಾಗ ಆಂಪ್ಲಿಫೈಯರ್ ಒಂದು ವ್ಯಾಟನ್ನೂ ಪೂರ್ತಿ ಖರ್ಚು ಮಾಡುತ್ತಿರಲಿಲ್ಲ. ಸದ್ದು ಅಂಗಳಕ್ಕೆ ಕೇಳಬೇಕಿದ್ದರೆ ಇದ್ದ ಎರಡು ಪೆಟ್ಟಿಗೆಗಳನ್ನು ಜಗಲಿಗೆ ಎತ್ತಿಟ್ಟರೆ ಸಾಕಿತ್ತು. ಅದು ನಮಗೆ ಹೊಳೆಯಲಿಲ್ಲ.

ಕಿವಿಯ ಮಾತು ಬಂದದ್ದರಿಂದ ಇದನ್ನೂ ತಿಳಿದಿರಿ. ಮಕ್ಕಳು 75 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಮೂರು ಡೆಸಿಬೆಲ್ ಏರಿದಂತೆ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ಇಯರ್‌ಫೋನಿಗೂ ಇದೇ ಲೆಕ್ಕ.

ಚಿಕ್ಕ ಆಂಪ್ಲಿಫೈಯರಿನಿಂದ ದೊಡ್ಡ ಪೆಟ್ಟಿಗೆಗೆ ಅಪಾಯವೇ ಇಲ್ಲ ಎಂದು ಕೆಲವರು ಭಾವಿಸುತ್ತಾರೆ. ಅದೂ ಪೂರ್ತಿ ನಿಜವಲ್ಲ. ಸದ್ದಿನ ಗುಬ್ಬಿಯನ್ನು ಕೊನೆಯವರೆಗೆ ತಿರುಗಿಸಿದಾಗ ಆಂಪ್ಲಿಫೈಯರ್ ತನ್ನಲ್ಲಿರುವ ವೋಲ್ಟಿಗಿಂತ ಮೇಲೆ ಹೋಗಲಾರದು. ಸ್ವರದ ಅಲೆಗಳ ತುದಿ ಕತ್ತರಿಸಿ ಹೋಗುತ್ತದೆ. ನಮ್ಮ ಗುಡ್ಡಗಳ ನೆತ್ತಿಯನ್ನು ಜೆಸಿಬಿ ಬಂದು ಸಮತಟ್ಟು ಮಾಡಿದ ಹಾಗೆ. ಆಗ ಹಾಡು ಕರಕರ ಎನ್ನುತ್ತದೆ. ಹೀಗೆ ಕತ್ತರಿಸಿದ ಅಲೆಗಳಲ್ಲಿ ಕೀರಲು ಸ್ವರದ ಪಾಲು ಹೆಚ್ಚು. ಅದೆಲ್ಲ ಪೆಟ್ಟಿಗೆಯೊಳಗಿನ ಚಿಕ್ಕ ಸ್ಪೀಕರಿಗೆ ಹೋಗುತ್ತದೆ. ಅದರ ಸುರುಳಿಯ ತಂತಿ ಕೂದಲಿನಷ್ಟು ತೆಳು. ಹೆಚ್ಚು ಹೊತ್ತು ಬಿಸಿ ತಾಳದೆ ಸುಟ್ಟುಹೋಗುತ್ತದೆ. ಕರಕರ ಕೇಳಿದ ಕೂಡಲೇ ಸದ್ದು ತಗ್ಗಿಸಿ.

ಈಗ ಬರುವ ಬ್ಲೂಟೂತ್ ಪೆಟ್ಟಿಗೆಗಳಲ್ಲಿ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಕಡೆ ಇರುತ್ತವೆ. ಓಮಿನ ಹೊಂದಾಣಿಕೆಯನ್ನು ಮಾಡಿದವರೇ ನೋಡಿಕೊಂಡಿರುತ್ತಾರೆ. ಅದಕ್ಕೇ ಅವುಗಳ ಮೇಲೆ ಲಾಳದ ಗುರುತು ಸಾಮಾನ್ಯವಾಗಿ ಕಾಣುವುದಿಲ್ಲ. ಶಾಲೆಯ ಸಭಾಂಗಣದಲ್ಲಿ, ಟಿ.ವಿ.ಗೆ ಜೋಡಿಸುವ ಬೇರೆ ಪೆಟ್ಟಿಗೆಗಳಲ್ಲಿ ಇಂದಿಗೂ ಕಾಣುತ್ತದೆ. ವಯರು ಜೋಡಿಸುವ ಮೊದಲು ಆಂಪ್ಲಿಫೈಯರಿನ ಸ್ವಿಚ್ ಆರಿಸಬೇಕು. ಮುಚ್ಚಳವನ್ನು ಮಾತ್ರ ಮಕ್ಕಳು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ.

ನಮ್ಮ ಆಂಪ್ಲಿಫೈಯರ್ ಅಂಗಡಿಯಲ್ಲಿ ಹನ್ನೊಂದು ದಿನ ಇತ್ತು. ಎರಡೂ ಬದಿಯ ಟ್ರಾನ್ಸಿಸ್ಟರುಗಳನ್ನು ಬದಲಾಯಿಸಬೇಕಾಯಿತು. ಒಂದು ಮಂಗಳೂರಿನಿಂದ ಬರಬೇಕಿತ್ತು. ಆ ಹನ್ನೊಂದು ಸಂಜೆಗಳಲ್ಲಿ ದೀಪ ಹಚ್ಚಿದ ಮೇಲೆ ಅಜ್ಜ ಎಂದಿನಂತೆ ಚಾವಡಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಜೀರುಂಡೆಯ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ನಾನೂ ಅಣ್ಣನೂ ಆ ಹೊತ್ತಿಗೆ ತೋಟದ ಕಡೆ ಹೋಗಿಬಿಡುತ್ತಿದ್ದೆವು.

ಹನ್ನೆರಡನೆಯ ದಿನ ಅದನ್ನು ತಂದೆವು. ಅಂಗಡಿಯವರು ಅದರ ಹಿಂದೆ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೇ ಒಂದು ಚೀಟಿ ಬರೆದು ಅಂಟಿಸಿದ್ದರು. “4 ಓಮಿಗಿಂತ ಕಡಿಮೆ ಬೇಡ. ಫ್ಯೂಸಿಗೆ ಬೇಗಡೆ ಬೇಡ. ಮೇಲೆ ಬಟ್ಟೆ ಬೇಡ.” ಅಜ್ಜ ಕನ್ನಡಕ ಹಾಕಿ ಅದನ್ನು ಎರಡು ಸಲ ಓದಿದರು. ಮೊದಲ ಎರಡು ಸಾಲಿಗೆ ನಮ್ಮ ಕಡೆ ನೋಡಿದರು. ಮೂರನೆಯ ಸಾಲಿಗೆ ಅಜ್ಜಿಯ ಕಡೆ ನೋಡಿದರು. ಅಜ್ಜಿ ಏನೂ ಹೇಳದೆ ಕಸೂತಿಯ ಬಟ್ಟೆಯನ್ನು ಮಡಚಿ ಒಯ್ದು ಕ್ಯಾಸೆಟ್ ಡಬ್ಬಿಯ ಮೇಲೆ ಹಾಸಿದರು. ಅಣ್ಣ ಸ್ವಿಚ್ ಹಾಕಿದ.